ಪೀರಬಿಯ ಕಡೆಯ ನೀರು

ಬಾರಿಹಣ್ಣಿನ ಗಿಡದ ಟೊಂಗೆಯನ್ನು ಎಡಗೈಯಿಂದ ಬಗ್ಗಿಸಿ ಹಿಡಿದು ಎಲೆ ಹರಿಯುತ್ತಿದ್ದ ಸಗೀರಾಳ ಹೆಬ್ಬೆರಳಿಗೆ ಮುಳ್ಳು ನಟ್ಟಿತು. ಅವಳು ಟೊಂಗೆ ಬಿಡಲಿಲ್ಲ. ಉಡಿಯಲ್ಲಿ ಎರಡು ಹಿಡಿ ಎಲೆ ಬಿದ್ದಿತ್ತು. ಇನ್ನೂ ಎರಡು ಹಿಡಿ ಬೇಕೆಂದು ಮಸೀದಿಯ ಮುಲ್ಲಾ ದಸ್ತಗೀರಸಾಬರು ಹೇಳಿ ಕಳಿಸಿದ್ದರು. ಹೆಣ ತೊಳೆಯುವ ನೀರಿಗೆ ಬಾರಿ ಎಲೆ ಹಾಕಿ ಕುದಿಸಬೇಕೆಂಬುದು ಅವಳಿಗೆ ಗೊತ್ತಿತ್ತು. ಅದರ ಮುಂದಿನದು ಗೊತ್ತಿರಲಿಲ್ಲ. ಯಂಕಂಚಿಯಲ್ಲಿ ಯಾವ ಹೆಂಗಸಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ. ಅವಳು ಈಗ ಮಸೀದಿಯ ಹಿಂದಿನ ಖೋಲಿಯಲ್ಲಿ, ಮುಖದ ತುಂಬ ಚಾದರ ಹೊದ್ದು ಚಾಪೆಯ ಮೇಲೆ ಮಲಗಿದ್ದಳು.

ಅವಳು ಪೀರಬಿ, ಸಗೀರಾಳ ತಾಯಿ.

ಆ ಬೇಸಿಗೆಯಲ್ಲಿ ಸುತ್ತಿನ ಹಳ್ಳಿಗಳಲ್ಲಿ ವಾಂತಿಭೇದಿ ತಿರುಗುತ್ತಿತ್ತು. ಪೀರಬಿ ಒಂದೇ ವಾರದಲ್ಲಿ ನಾಲ್ಕು ಹೆಣ ತೊಳೆದು ಬಂದಿದ್ದಳು. ನಿನ್ನೆ ಮಧ್ಯಾಹ್ನ ಕಡೆಯ ಹೆಣ ತೊಳೆದ ಊರಿನಿಂದ ಗಾಡಿಯಲ್ಲಿ ಬಂದು ಇಳಿದಾಗಲೇ ಕಾಲು ನಡುಗುತ್ತಿದ್ದವಂತೆ. ಬೆಳಿಗ್ಗೆ ಮಜ್ಜಿಗೆ ಕೊಡಲು ಹೋದ ನೆರೆಮನೆಯ ಹನಮವ್ವ ಕೂಗಿ ಕೂಗಿ ಕದ ದೂಡಿ ನೋಡಿದಾಗ ಮೈ ತಣ್ಣಗಾಗಿತ್ತು.

ಸಗೀರಾ ಎಲೆ ತಂದಾಗ ಖೋಲಿಯ ಮುಂದೆ ಹೆಂಗಸರು ಕುಳಿತಿದ್ದರು. ಅಳುವವರು ಕಡಿಮೆ, ಪಿಸುಗುಡುವವರು ಹೆಚ್ಚು. ಆರು ವರ್ಷದಿಂದ ಊರಲ್ಲಿ, ಸುತ್ತಿನ ಹತ್ತು ಹಳ್ಳಿಗಳಲ್ಲಿ ಮುಸಲ್ಮಾನರ ಯಾವ ಹೆಂಗಸು ಸತ್ತರೂ ಗಾಡಿ ಬಂದು ನಿಲ್ಲುತ್ತಿದ್ದದ್ದು ಪೀರಬಿಯ ಬಾಗಿಲಿಗೆ. ಅವಳು ಹೋಗುತ್ತಿದ್ದಳು, ತೊಳೆಯುತ್ತಿದ್ದಳು, ಒಂದು ಬಟ್ಟಲು ಚಹಾ ಸಹ ಮುಟ್ಟದೆ ಬರುತ್ತಿದ್ದಳು. ಹೀಗಾಗಿ ಮೊದಲು ಅಷ್ಟಿಷ್ಟು ಬಲ್ಲವರಿಗೂ ಆ ಕೆಲಸ ಮರೆತುಹೋಗಿತ್ತು. ಈಗ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿದ್ದರು. ಬೇನೆಯ ಹೆಣವೆಂದು ಅಂಜಿಕೆಯೂ ಇತ್ತು.

ಸಗೀರಾಳ ಗಂಡ ನಿಜಾಮುದ್ದೀನ ಆಗಲೇ ಸೈಕಲ್ ಹತ್ತಿ ಸಿಂದಗಿಗೆ ಹೋಗಿದ್ದ, ತೊಳೆಯುವ ಹೆಂಗಸು ಯಾರಾದರೂ ಸಿಗುತ್ತಾರೇನೋ ನೋಡಲು, ಹಾಗೇ ಹೆಣಕ್ಕೆ ಸುತ್ತುವ ಕಫನದ ಬಟ್ಟೆ ತರಲು. ಹಜ್ಜಿಗೆ ಹೋದವರು ಅಲ್ಲಿಂದಲೇ ತಮ್ಮ ಕಫನ ತಂದಿಟ್ಟುಕೊಂಡಿರುತ್ತಾರೆಂದು ಮೊದಲು ಪೀರಬಿಯ ತಗಡಿನ ಟ್ರಂಕು ತೆಗೆದು ನೋಡಿದ್ದರು. ಎರಡು ಸೀರೆ, ಒಂದು ಜಪಮಾಲೆ, ಒಂದು ಕತ್ತರಿ ಇದ್ದವು. ಕಫನ ಇರಲಿಲ್ಲ. ತಂದದ್ದು ಹೌದೆಂದೂ, ಹೋದ ವರ್ಷ ಬಸ್ಸು ನಿಲ್ಲುವ ಗಿಡದ ಕೆಳಗೆ ಸತ್ತ ಭಿಕ್ಷುಕಿಯೊಬ್ಬಳಿಗೆ ಉಡಿಸಿ ಕಳಿಸಿಬಿಟ್ಟಳೆಂದೂ ಹನಮವ್ವ ಹೇಳಿದಳು. ಮಗಳಿಗೆ ಅದು ಗೊತ್ತಿರಲಿಲ್ಲ. ಎರಡು ಓಣಿ ಆಚೆ ಇದ್ದರೂ ತಾಯಿಯ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಬಹಳ ಕಡಿಮೆ.

ದಸ್ತಗೀರಸಾಬರು ಮಸೀದಿಯ ಕಟ್ಟೆಯಿಂದ ಎದ್ದು ಬಂದು ಸಗೀರಾಳನ್ನು ಬದಿಗೆ ಕರೆದರು. ಬಿಸಿಲು ಏರುತ್ತಿದೆ, ಹೆಣ ಬಹಳ ಹೊತ್ತು ಇಡುವಂತಿಲ್ಲ, ತಾಯಿಯನ್ನು ತೊಳೆಯುವ ಮೊದಲ ಹಕ್ಕು ಮಗಳದು ಎಂದು ಮೆಲ್ಲಗೆ ಹೇಳಿದರು.

"ನಂಗ ಆಗೂದಿಲ್ಲ ಕಾಕಾ."

"ಬರೂದಿಲ್ಲ ಅಂತೀಯೋ, ಆಗೂದಿಲ್ಲ ಅಂತೀಯೋ?"

"ಆಗೂದಿಲ್ಲ."

ಮುದುಕರು ಕಟ್ಟೆಗೆ ತಿರುಗಿ ಹೋದರು. ಕಾರಣ ಊರಿಗೆಲ್ಲ ಗೊತ್ತಿದ್ದದ್ದೇ.

*

ಏಳು ವರ್ಷದ ಹಿಂದೆ, ಐವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ, ಪೀರಬಿ ಹಜ್ಜಿಗೆ ಹೊರಟಳು. ಗಂಡ ತೀರಿ ಮೂರು ವರ್ಷವಾಗಿತ್ತು. ಅವನು ಅರಳೆ ಹಿಂಜಿ ಗಾದಿ ತುಂಬುವವನು. ಗಾದಿ ಹೊಲಿಯುವುದು ಅವಳ ಕೆಲಸವಾಗಿತ್ತು. ಐವತ್ತೆಂಟು ವರ್ಷದವರೆಗೆ ಅವಳು ವಿಜಾಪುರದ ಆಚೆ ಕಾಲಿಟ್ಟವಳಲ್ಲ. ಕನ್ನಡ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ, ನಮಾಜಿಗೆ ಬೇಕಾದಷ್ಟು ಅರಬ್ಬಿ ಮಾತ್ರ ಬಾಯಿಪಾಠವಿತ್ತು. ಅಣ್ಣ ಇಬ್ರಾಹಿಂಸಾಬ ತಾನು ಹೋಗುವವನು, ತಂಗಿಯನ್ನೂ ಕರೆದೊಯ್ಯುತ್ತೇನೆಂದ. ಅವಳು ಒಂದು ರಾತ್ರಿ ಯೋಚಿಸಿ ಹೂಂ ಅಂದಳು.

ಆಗ ದೊಡ್ಡ ಮಗಳು ಜನ್ನತಬಿ ಐದು ತಿಂಗಳ ಬಸುರಿ. ಇಂಡಿ ಊರಿಗೆ ಕೊಟ್ಟ ಹುಡುಗಿ, ಮೊದಲೆರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ತಾಯಿಯನ್ನು ಕಳಿಸಲು ಇಂಡಿಯ ರೈಲು ಸ್ಟೇಶನ್ನಿಗೆ ಬಂದಿದ್ದಳು. ಗಾಡಿ ಹತ್ತುವ ಮೊದಲು ಪೀರಬಿ ಅವಳ ಹೊಟ್ಟೆಯ ಮೇಲೆ ಕೈ ಇಟ್ಟು, "ನಿನ್ನ ಬಾಣಂತನಕ್ಕ ಬಂದಿರ್ತೇನಿ," ಅಂದಳು. ಪಕ್ಕದಲ್ಲೇ ನಿಂತಿದ್ದ ಹದಿನೇಳು ವರ್ಷದ ಸಗೀರಾ ಅದನ್ನು ಕಿವಿಯಾರೆ ಕೇಳಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹಾಜಿಗಳು ತಿರುಗಿ ಬಂದರು. ಪೀರಬಿ ಬರಲಿಲ್ಲ. ಅಣ್ಣ ಹಡಗಿನಲ್ಲೇ ಜ್ವರದಿಂದ ತೀರಿಕೊಂಡನೆಂದೂ, ಅವನನ್ನು ಸಮುದ್ರಕ್ಕೆ ಇಳಿಸಿದರೆಂದೂ, ಪೀರಬಿ ಒಬ್ಬಳೇ ಹಜ್ಜು ಮುಗಿಸಿ ಮಕ್ಕೆಯಲ್ಲೇ ನಿಂತಳೆಂದೂ ಇಂಡಿಯ ಹಾಜಿಯೊಬ್ಬರು ಸುದ್ದಿ ತಂದರು. ಜೊತೆಗೆ ಒಂದು ವಿಳಾಸದ ಚೀಟಿ. ಅವಳು ಹೇಳಿ ಕಳಿಸಿದ್ದು ಇಷ್ಟೇ: ಇಲ್ಲಿ ಕೆಲಸ ಐತಿ, ಮುಗಿಸಿ ಬರ್ತೇನಿ. ಗಾದಿ ಹೊಲಿಯುವವಳಿಗೆ ಮಕ್ಕೆಯಲ್ಲಿ ಏನು ಕೆಲಸವೆಂದು ಊರು ನಕ್ಕಿತು.

ಹಾಜಿಗಳು ಬಂದ ಹದಿನೈದು ದಿನಕ್ಕೆ ಜನ್ನತಬಿಗೆ ಬೇನೆ ಬಂತು. ಎರಡು ಹಗಲು ಒಂದು ರಾತ್ರಿ ಒದ್ದಾಡಿದಳು. ನಡುನಡುವೆ ಬಾಗಿಲ ಕಡೆ ನೋಡುತ್ತಿದ್ದಳು. ಕೂಸು ಹೋಯಿತು, ಹಿಂದೆಯೇ ಅವಳೂ ಹೋದಳು. ತೊಳೆಯಲು ಬಂದ ಹೆಂಗಸರಿಗೆ ಕ್ರಮ ಗೊತ್ತಿರಲಿಲ್ಲ, ಅವಸರ ಬಹಳವಿತ್ತು. ಗಡಿಗೆ ಗಡಿಗೆ ನೀರು ಸುರುವಿದರು. ಅಕ್ಕನ ತಲೆ ಹಲಗೆಗೆ ಬಡಿದ ಸಪ್ಪಳ ಪರದೆಯ ಆಚೆ ನಿಂತಿದ್ದ ಸಗೀರಾಳಿಗೆ ಕೇಳಿಸಿತು.

ಅವಳು ಸಾಲಿಯ ರಾವಸಾಬ ಮಾಸ್ತರರ ಹತ್ತಿರ ಹೋಗಿ ಕಾಗದ ಬರೆಸಿದಳು. ಅಕ್ಕ ಹೋದಳು, ಕೂಸೂ ಹೋಯಿತು, ಕಡೆತನಕ ನಿನ್ನ ದಾರಿ ನೋಡಿದಳು. ಇಷ್ಟು ಬರೆದು ಮಾಸ್ತರರು ಪೆನ್ನು ಎತ್ತಿದರು. ಇನ್ನೊಂದು ಸಾಲು ಬರೆಯಿರಿ ಅಂದಳು ಸಗೀರಾ: 'ನೀನು ಇನ್ನು ಬರದಿದ್ದರೂ ನಡೆಯುತ್ತದೆ.' ಮಾಸ್ತರರು ಅವಳ ಮುಖ ನೋಡಿದರು, ಬರೆದರು. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಬರೆದು ಅಂಚೆಗೆ ಹಾಕಿದರು.

ಉತ್ತರ ಬರಲಿಲ್ಲ. ಪೀರಬಿಯೂ ಬರಲಿಲ್ಲ. ಪೂರ್ತಿ ಒಂದು ವರ್ಷ ಕಳೆದು, ಮುಂದಿನ ಹಜ್ಜಿನ ಹಡಗಿನಲ್ಲಿ ಬಂದಳು. ಟ್ರಂಕು ಹೊತ್ತು ಮಗಳ ಗಂಡನ ಮನೆಯ ಮುಂದೆ ನಿಂತವಳಿಗೆ ಸಗೀರಾ ಒಳಗೆ ಬಾ ಅನ್ನಲಿಲ್ಲ. ಕಾಗದ ಮುಟ್ಟಿತ್ತೇನೆಂದು ಕೇಳಿದಳು. ಮುಟ್ಟಿತ್ತು ಅಂದಳು ಪೀರಬಿ. ಯಾವಾಗ ಅಂದರೆ, ಚಳಿಗಾಲದಲ್ಲಿ. ಅಷ್ಟೇ ಮಾತು. ಪೀರಬಿ ಟ್ರಂಕನ್ನು ಮತ್ತೆ ತಲೆಗೇರಿಸಿಕೊಂಡು ಮಸೀದಿಯ ಹಿಂದಿನ ಖೋಲಿಗೆ ಹೋದಳು. ಅಂದಿನಿಂದ ಸಗೀರಾ ಅವಳನ್ನು ಅವ್ವಾ ಎಂದು ಕರೆಯಲಿಲ್ಲ.

*

ಹನ್ನೊಂದರ ಬಸ್ಸಿನಲ್ಲಿ, ಸೈಕಲ್ಲನ್ನು ಅದರ ನೆತ್ತಿಯ ಮೇಲೆ ಹಾಕಿಸಿಕೊಂಡು, ನಿಜಾಮುದ್ದೀನ ಬಂದ. ಬಗಲಲ್ಲಿ ಬಿಳಿ ಬಟ್ಟೆಯ ಗಂಟು, ಹಿಂದೆ ಬುರ್ಖಾ ತೊಟ್ಟ ಒಬ್ಬ ಎತ್ತರದ ಮುದುಕಿ. ಸಿಂದಗಿಯಲ್ಲಿ ಕೇಳಿದರೆ ಎಲ್ಲರೂ ಇವಳ ಮನೆಯನ್ನೇ ತೋರಿಸಿದರೆಂದ. ಹೆಸರು ಲಾಲಬಿ. ಮೂಲ ನಾಲತವಾಡದವಳು, ಗಂಡ ಯಾಕೂಬಸಾಬ ತೀರಿದ ಮೇಲೆ ಸಿಂದಗಿಯಲ್ಲಿ ಮಗನ ಹತ್ತಿರ ಇದ್ದಳು. ಸತ್ತವಳು ಪೀರಬಿ ಎಂದು ಕೇಳಿದವಳೇ ಉಣ್ಣುತ್ತಿದ್ದ ತಾಟು ಸರಿಸಿ ಎದ್ದು ಬಂದಿದ್ದಳು.

ಲಾಲಬಿ ಖೋಲಿಯೊಳಗೆ ಹೋಗಿ, ಚಾದರ ಸರಿಸಿ, ಬಹಳ ಹೊತ್ತು ಮುಖ ನೋಡಿದಳು. ಆಮೇಲೆ ಹೊರಗೆ ಬಂದು ಬುರ್ಖಾ ತೆಗೆದಳು. ಬಲಗೈ ಭುಜದಿಂದ ಜೋತುಬಿದ್ದಿತ್ತು.

"ಲಕ್ವಾ ಹೊಡದು ಎರಡು ವರ್ಷಾತು," ಅಂದಳು. "ಬಾಯಿ ಐತಿ, ಕೈ ಇಲ್ಲ. ಇಕಿ ಮಗಳು ಯಾರು?"

ಹೆಂಗಸರು ಸಗೀರಾಳ ಕಡೆ ನೋಡಿದರು.

ಹನಮವ್ವ ಅಂಗಳದ ಮೂರು ಕಲ್ಲಿನ ಮೇಲೆ ಹಂಡೆ ಇಟ್ಟು ಉರಿ ಹಾಕಿದ್ದಳು. ಲಾಲಬಿ ಸಗೀರಾಳನ್ನು ಕರೆದು ಒಲೆಯ ಮಗ್ಗುಲಿಗೆ ಕೂರಿಸಿಕೊಂಡಳು. ನೀರು ಕಾಯುವತನಕ ಮಾತಾಡಬಹುದು, ಆಮೇಲೆ ಮಾತಿಲ್ಲ ಅಂದಳು. ಮಕ್ಕೆಯಲ್ಲಿ ತನಗೆ ಈ ಕೆಲಸ ಕಲಿಸಿದ್ದೇ ಪೀರಬಿಯೆಂದೂ, ಅದನ್ನು ಮಗಳಿಗೆ ಯಾರೂ ಹೇಳಿರಲಿಕ್ಕಿಲ್ಲವೆಂದೂ ಅಂದಳು. ಸಗೀರಾ ಉರಿಗೆ ಒಂದು ಕಟ್ಟಿಗೆ ದೂಡಿದಳು. ಎದ್ದು ಹೋಗಲಿಲ್ಲ.

*

ಲಾಲಬಿ ಹೇಳಿದಂತೆ, ಪೀರಬಿಯ ಕೆಲಸ ಶುರುವಾದದ್ದು ಹಡಗಿನಲ್ಲೇ. ಅಣ್ಣನನ್ನು ಗಂಡಸರು ತೊಳೆದು, ಬಟ್ಟೆ ಸುತ್ತಿ, ಭಾರ ಕಟ್ಟಿ ನೀರಿಗೆ ಇಳಿಸಿದರು. ಅದರ ಮರುದಿನ ಹೆಂಗಸರ ಕಡೆ ಒಬ್ಬ ಮುದುಕಿ ಸತ್ತಳು. ಯಾವ ದೇಶದವಳೋ, ಅವಳ ಮಾತು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ತೊಳೆಯುವವರು ಯಾರಾದರೂ ಇದ್ದೀರಾ ಎಂದು ಕೇಳುತ್ತ ಬಂದಾಗ ಎಲ್ಲರೂ ಮುಖ ತಿರುಗಿಸಿದರು. ಪೀರಬಿಗೆ ಕೇಳಿದ ಮಾತೂ ತಿಳಿಯಲಿಲ್ಲ, ಆದರೆ ಏನು ಬೇಕಾಗಿದೆ ಎಂಬುದು ತಿಳಿಯಿತು. ಎದ್ದು ನಿಂತಳು. ಕ್ರಮ ಬಲ್ಲ, ಆದರೆ ಕೈಲಾಗದ ಒಬ್ಬ ವಯಸ್ಸಾದ ಹೆಂಗಸು ಕೈಸನ್ನೆಯಿಂದ ತೋರಿಸುತ್ತ ಹೋದಂತೆ ಅವಳು ಮಾಡುತ್ತ ಹೋದಳು.

ಮಕ್ಕೆಯಲ್ಲಿ ಆ ವರ್ಷ ಬಿಸಿಲು ಬಹಳ ಜನರನ್ನು ತಿಂದಿತು. ಬಡ ಯಾತ್ರಿಕರು ಇಳಿಯುವ ಒಂದು ಧರ್ಮದ ವಸತಿಯಿತ್ತು. ಅಲ್ಲಿ ಗಂಡ ಮಕ್ಕಳು ಯಾರೂ ಜೊತೆಗಿಲ್ಲದ ಹೆಂಗಸರು ಸತ್ತರೆ ತೊಳೆಯುವ ಕೈ ಸಾಲುತ್ತಿರಲಿಲ್ಲ. ಪೀರಬಿ ಕೂಲಿ ಕೇಳದೆ ಅಲ್ಲಿ ನಿಂತಳು. ಎರಡು ರೊಟ್ಟಿ, ಮಲಗಲು ಒಂದು ಮೂಲೆ. ಊರಿಗೆ ಹೋಗುವ ಕಡೆಯ ಹಡಗಿನ ದಿನ ಹತ್ತಿರ ಬಂದಾಗ ಒಳಗೆ ಇನ್ನೂ ಎಂಟು ಹೆಂಗಸರು ಕಾಯಿಲೆ ಬಿದ್ದಿದ್ದರು. ಅವರನ್ನು ಬಿಟ್ಟು ಎದ್ದು ಬರಲು ಅವಳಿಗೆ ಆಗಲಿಲ್ಲ. ಬಾಣಂತನಕ್ಕೆ ಬರುತ್ತೇನೆಂದು ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ನೆನಪಿತ್ತು.

ಮುಂದಿನ ವರ್ಷ ಲಾಲಬಿ ಗಂಡ ಮತ್ತು ಅತ್ತೆಯ ಜೊತೆ ಹಜ್ಜಿಗೆ ಹೋದಳು. ಅತ್ತೆ ಮಕ್ಕೆ ಮುಟ್ಟಿದ ಮೂರನೆಯ ದಿನವೇ ತೀರಿಕೊಂಡಳು. ಹೆಣವನ್ನು ಆ ವಸತಿಗೆ ಒಯ್ದರು. ಲಾಲಬಿ ಪರದೆಯ ಹೊರಗೆ ನಿಂತಿದ್ದಳು. ಸುತ್ತ ಸಾವಿರ ಜನ, ಒಂದು ಮಾತೂ ತನ್ನದಲ್ಲ. ಅಷ್ಟರಲ್ಲಿ ಪರದೆಯ ಒಳಗಿನಿಂದ ಯಾರೋ ಅಂದರು: "ಹೊಳ್ಳವ್ವಾ. ಈ ಕಡೆ ಹೊಳ್ಳು. ಹಾಂ, ಸಾಕು." ಲಾಲಬಿ ಪರದೆಯ ಅಂಚು ಸರಿಸಿ ಒಳಗೆ ಇಣುಕಿದಳು. ಪೀರಬಿ ಸತ್ತವರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು. ಯಾವ ದೇಶದ ಹೆಣವೇ ಇರಲಿ, ಅವಳಿಗೆ ಅದೊಂದೇ ಮಾತು ಬರುತ್ತಿದ್ದದ್ದು.

ತಮ್ಮ ಕಡೆಯವರೆಂದು ತಿಳಿದ ಮೇಲೆ ಪೀರಬಿ ಕೇಳಿದ ಮೊದಲ ಪ್ರಶ್ನೆ, ನಿಮ್ಮ ಗಂಡನಿಗೆ ಕನ್ನಡ ಓದಲು ಬರುತ್ತದೆಯೇ ಎಂದು. ಬರುತ್ತದೆ ಅಂದಳು ಲಾಲಬಿ. ಪೀರಬಿ ಮತ್ತೆ ಆ ಮಾತು ಎತ್ತಲಿಲ್ಲ. ನಾಲ್ಕನೆಯ ದಿನ ತಾನೇ ಬಂದು, ಸೊಂಟದ ಸಂಚಿಯಿಂದ ಒಂದು ಲಕೋಟೆ ತೆಗೆದು ಯಾಕೂಬಸಾಬನ ಮುಂದೆ ಇಟ್ಟಳು. ಬೆವರಿಗೆ ವಿಳಾಸವೆಲ್ಲ ಕಲಸಿಹೋಗಿತ್ತು. ಅಂಟು ಬಿಚ್ಚಿರಲಿಲ್ಲ.

*

"ಬಿಚ್ಚಿರಲಿಲ್ಲೇನು?" ಅಂದಳು ಸಗೀರಾ.

"ಇಲ್ಲ. ನಮ್ಮೋರು ಬಿಚ್ಚಿ ಓದಿದ್ರು. ಆಕಿ ಕೇಳಿದ್ಲು. ಇನ್ನೊಮ್ಮೆ ಓದ್ರಿ ಅಂದ್ಲು. ಇನ್ನೊಮ್ಮೆ ಓದಿದ್ರು."

"ಪೂರ್ತಿ ಓದಿದ್ರಾ?"

"ಕಡೀ ಸಾಲಿನ ಮಟಾ."

ಹಂಡೆಯ ನೀರು ಸಿಳ್ಳು ಹಾಕತೊಡಗಿತ್ತು. ಹನಮವ್ವ ಬಾರಿ ಎಲೆ ಹಾಕಿದಳು. ಸಗೀರಾ ಉರಿಯನ್ನೇ ನೋಡುತ್ತಿದ್ದಳು. ಓದುವವರಿರಲಿಲ್ಲ. ಅಷ್ಟೇ. ಪರದೇಶ, ಕನ್ನಡ ಓದುವವರಿರಲಿಲ್ಲ, ಅವಳಿಗೆ ಗೊತ್ತೇ ಆಗಿರಲಿಲ್ಲ. ಚಳಿಗಾಲದಲ್ಲಿ ಮುಟ್ಟಿತು ಅಂದಳೇ ಹೊರತು ಚಳಿಗಾಲದಲ್ಲಿ ಓದಿಸಿದೆ ಅನ್ನಲಿಲ್ಲ. ಆರು ವರ್ಷದಿಂದ ಎದೆಯಲ್ಲಿ ಬಿಗಿದು ಕೂತಿದ್ದು ಒಂದಿಷ್ಟು ಸಡಿಲವಾದಂತಾಯಿತು. ಅದನ್ನೇ ಅವಳು ಬಾಯಿಬಿಟ್ಟು ಹೇಳಿದಳು: ಅಲ್ಲಿ ಓದಾಕ ಬರೋರು ಯಾರೂ ಇರಲಿಲ್ಲಲ್ಲ, ಪಾಪ.

ಲಾಲಬಿ ಜೋತ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಸುಳ್ಳು ಹೇಳಿ ಹೆಣಾ ಮುಟ್ಟಬಾರದು. ಅಲ್ಲೇ ಮಕ್ಕೇದಾಗ, ಎರಡು ಓಣಿ ಆಚೆ ಹುಬ್ಬಳ್ಳಿ ಕಡಿಯಾವ ಒಬ್ಬಾವ ಅಡಗಿ ಮಾಡತಿದ್ದ. ಓದಾಕ ಬರತಿತ್ತು ಅವಂಗ. ಆಕಿಗೆ ಅದು ಗೊತ್ತಿತ್ತು."

ಸಗೀರಾ ಅವಳ ಕಡೆ ತಿರುಗಿದಳು.

"ನಾನೂ ಕೇಳಿದೆ, ಯಾಕ ಓದಿಸಲಿಲ್ಲ ಅಂತ. ಏನಂದ್ಲು ಗೊತ್ತೈತೇನು? 'ಓದಿಸೂತನಕ ನನ್ನ ಮಗಳು ಬಸುರೀನ ಇರ್ತಾಳ, ಲಾಲಬಿ.'"

ಆರೇಳು ತಿಂಗಳು ಪೀರಬಿ ಆ ಲಕೋಟೆಯನ್ನು ಸೊಂಟದಲ್ಲಿ ಕಟ್ಟಿಕೊಂಡು, ಗುರುತಿಲ್ಲದ ಹೆಂಗಸರನ್ನು ತೊಳೆದಿದ್ದಳು. ಊರಿನಿಂದ ಸುಮ್ಮನೆ ಯಾರು ಕಾಗದ ಬರೆಯುತ್ತಾರೆ, ಅದರಲ್ಲಿ ಏನಿದ್ದೀತು ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಓದಿಸಿದ ದಿನವೂ ಒಳಗಿನಿಂದ ಕರೆ ಬಂತಂತೆ. ಎದ್ದು ಹೋದಳು. ಅಂದು ಸಂಜೆಯತನಕ ಮೂವರನ್ನು ತೊಳೆದಳು. ಪರದೆಯ ಹೊರಗಿದ್ದವರಿಗೆ ಅವಳ ದನಿ ಮಾತ್ರ ಕೇಳಿಸಲಿಲ್ಲ.

ಸಗೀರಾ ಎದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡಳು.

"ಹ್ಯಾಂಗ ಮಾಡಬೇಕು ಹೇಳು ದೊಡ್ಡವ್ವಾ," ಅಂದಳು.

*

ಖೋಲಿಯ ಹಿಂದೆ ನಾಲ್ಕು ಸೀರೆ ಕಟ್ಟಿ ಮರೆ ಮಾಡಿದ್ದರು. ಮಸೀದಿಯ ಹಲಗೆ ಹಾಕಿ, ನೀರು ಹರಿದುಹೋಗಲು ಸಣ್ಣ ಕಾಲುವೆ ತೋಡಿದ್ದರು. ಲಾಲಬಿ ತಲೆಯ ಕಡೆ ನಿಂತು ಮೆಲುದನಿಯಲ್ಲಿ ಹೇಳುತ್ತಿದ್ದಳು. ಕೈಗೆ ಬಟ್ಟೆ ಸುತ್ತಿಕೊ. ಮೈ ಮೇಲಿನ ಚಾದರ ತೆಗೆಯಬೇಡ, ಅದರ ಕೆಳಗೇ ತೊಳಿ. ಹೊಟ್ಟೆ ಹಗುರಾಗಿ ಒತ್ತು. ಈಗ ಮುಖ. ಈಗ ಮೊಳಕೈತನಕ.

ಸಗೀರಾ ತಾಯಿಯ ಅಂಗೈ ಬಿಡಿಸಿದಳು. ಗಾದಿ ಹೊಲಿದು ಹೊಲಿದು ತೋರುಬೆರಳಿನ ತುದಿ ಕಲ್ಲಾಗಿತ್ತು. ಚಾದರದ ಕೆಳಗೆ ಕೈಗೆ ಸಿಕ್ಕ ಮೈಯಲ್ಲಿ ಎಲುಬೇ ಹೆಚ್ಚು. ಇಷ್ಟು ಬಡಕಲಾಗಿದ್ದಾಳೆಂದು ಅವಳಿಗೆ ತಿಳಿದಿರಲಿಲ್ಲ. ದಿನಾ ನೀರಿಗೆ ಹೋಗುವಾಗ ಕಾಣುತ್ತಿದ್ದಳು. ನೋಡಿದ್ದಿಲ್ಲ.

"ಅವಸರ ಮಾಡಬ್ಯಾಡ," ಅಂದಳು ಲಾಲಬಿ. "ಆಕಿ ಅವಸರ ಮಾಡತಿರಲಿಲ್ಲ."

ಇನ್ನು ಎಡ ಮಗ್ಗುಲಿಗೆ ಹೊರಳಿಸಿ ಬಲಗಡೆ ನೀರು ಹಾಕಬೇಕಾಗಿತ್ತು. ಸಗೀರಾ ಭುಜದ ಕೆಳಗೆ ಒಂದು ಕೈ, ನಡುವಿನ ಕೆಳಗೆ ಒಂದು ಕೈ ಕೊಟ್ಟು ಎತ್ತಿದಳು. ಮೈ ಸೆಟೆದಿತ್ತು, ಹೊರಳಲಿಲ್ಲ. ಇನ್ನೊಮ್ಮೆ ಎತ್ತಿದಳು. ತಲೆ ಜಾರಿತು. ಹಲಗೆಗೆ ಬಡಿಯುವ ಮೊದಲೇ ಅವಳು ಅಂಗೈಯನ್ನು ಅಡ್ಡ ಕೊಟ್ಟಳು. ಗೆಣ್ಣಿಗೆ ಹಲಗೆಯ ಅಂಚು ತಾಗಿ ಚರ್ಮ ಕಿತ್ತಿತು. ಕೈ ಹಾಗೇ ಇಟ್ಟುಕೊಂಡು, ತಾಯಿಯ ಮುಖದ ಹತ್ತಿರ ಬಾಗಿದಳು.

"ಹೊಳ್ಳವ್ವಾ," ಅಂದಳು. ಮತ್ತೆ ಅಂದಳು: "ಅವ್ವಾ. ಈ ಕಡೆ ಹೊಳ್ಳು."

ಹನಮವ್ವ ತಂಬಿಗೆಯಿಂದ ನೀರು ಬಿಟ್ಟಳು.

ಮೂರು ಸಲ ತೊಳೆದರು. ಕಡೆಯ ನೀರಿಗೆ ಕರ್ಪೂರ ಹಾಕಿದರು. ನರೆತ ಕೂದಲನ್ನು ಎರಡು ಜಡೆ ಮಾಡಿ ಎದೆಯ ಮೇಲೆ ಇಟ್ಟಳು ಸಗೀರಾ. ಹಣೆ, ಮೂಗು, ಅಂಗೈ, ಮೊಳಕಾಲು, ಪಾದ, ನಮಾಜಿನಲ್ಲಿ ನೆಲ ಮುಟ್ಟುವ ಜಾಗಗಳಿಗೆಲ್ಲ ಕರ್ಪೂರ ಸವರಿದಳು. ಸಿಂದಗಿಯ ಬಟ್ಟೆ ಗಡುಸಾಗಿತ್ತು, ಗಂಜಿ ವಾಸನೆ ಬರುತ್ತಿತ್ತು.

*

ನಡುಹಗಲಿನ ನಮಾಜು ಮುಗಿಸಿ ಗಂಡಸರು ಹೆಣವಿಟ್ಟ ಜನಾಜಾ ಹೆಗಲಿಗೆ ಎತ್ತಿದರು. ಪೀರಬಿಗೆ ಗಂಡುಮಕ್ಕಳಿರಲಿಲ್ಲ, ಗೋರಿಗೆ ಇಳಿಸುವುದು ಅಳಿಯನೇ ಎಂದು ದಸ್ತಗೀರಸಾಬರು ಹೇಳಿದ್ದರು. ರಾವಸಾಬ ಮಾಸ್ತರರು ಟೊಪ್ಪಿಗೆ ಕೈಯಲ್ಲಿ ಹಿಡಿದು ಹಿಂದೆ ನಡೆದರು. ಹೆಣ ಹಗುರವಾಗಿದ್ದರಿಂದ ಮುಂದಿನವರ ಹೆಜ್ಜೆ ಚುರುಕಾಗಿತ್ತು. ಓಣಿಯ ತಿರುವಿನಲ್ಲಿ ಹೆಗಲು ಬದಲಿಸಿ ಮರೆಯಾದರು. ಹೆಂಗಸರು ಅಲ್ಲಿಗೆ ನಿಂತರು. ಅವರು ಗೋರಿಗೆ ಹೋಗುವಂತಿಲ್ಲ.

ಲಾಲಬಿ ಖೋಲಿಯ ನೆರಳಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಸಗೀರಾ ಸೀರೆಯ ಮರೆ ಬಿಚ್ಚಿದಳು, ಹಲಗೆ ತೊಳೆದಳು, ಕಾಲುವೆಗೆ ಮಣ್ಣೆಳೆದಳು. ಸೀರೆ ಮೊಳಕಾಲತನಕ ತೊಯ್ದು ಕಾಲಿಗೆ ಅಂಟಿತ್ತು. ಬೆರಳ ತುದಿಗಳು ನೀರಿಗೆ ನೆರಿಗೆಗಟ್ಟಿ ಬೆಳ್ಳಗಾಗಿದ್ದವು. ಹಲಗೆ ಗೋಡೆಗೆ ಆನಿಸುತ್ತಿರುವಾಗ ಗಾಡಿಯ ಸಪ್ಪಳ ಕೇಳಿತು.

ಭೀಮಾ ಹೊಳೆಯ ಕಡೆಯ ಹಳ್ಳಿಯಿಂದ ಬಂದ ಗಾಡಿ. ಹೊಡೆಯುತ್ತಿದ್ದವನು ಅಮಸಿದ್ದನೆಂಬ ಆಳುಮನುಷ್ಯ, ಮುಖದ ತುಂಬ ಧೂಳು. ಕೆಳಗಿಳಿದು ತಲೆಯ ವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡ. ತಮ್ಮ ಗೌಡರ ಬದಿಮನೆಯ ಸಾಬರ ಸೊಸೆ ಬೆಳಗಿನ ಜಾವ ತೀರಿಕೊಂಡಳೆಂದ. ಹತ್ತೊಂಬತ್ತು ವರ್ಷದ ಹುಡುಗಿ. ಪೀರಬಿ ಬರುವತನಕ ಮುಟ್ಟುವುದಿಲ್ಲವೆಂದು ಅವರ ಮನೆಯವರು ಕಾಯುತ್ತ ಕುಳಿತಿದ್ದಾರೆಂದ. ಅವನು ಪೀರಬಿಯನ್ನು ಎಂದೂ ನೋಡಿದವನಲ್ಲ. ತೊಯ್ದ ಸೀರೆ, ಗೋಡೆಗೆ ಆನಿಸಿದ ಹಲಗೆ, ಎಲ್ಲ ಒಮ್ಮೆ ನೋಡಿದ.

"ಪೀರಬಿ ಅಂದ್ರ ನೀವ ಏನ್ರಿ?"

ಹನಮವ್ವ ಬಾಯಿ ತೆರೆದವಳು ಸಗೀರಾಳ ಮುಖ ನೋಡಿ, ತಂಬಿಗೆ ಎತ್ತಿ ಅವನಿಗೆ ಕುಡಿಯಲು ನೀರು ಕೊಟ್ಟಳು.

ಸಗೀರಾ ಸೆರಗನ್ನು ಮತ್ತೆ ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಳ್ಳುತ್ತ ಗಾಡಿಯ ಕಡೆ ನೋಡುತ್ತಿದ್ದಳು. ಎತ್ತುಗಳ ಕೊರಳು ಬಿಚ್ಚಿರಲಿಲ್ಲ. ಮುದುಕಿಗೆ ದಾರಿಯಲ್ಲಿ ಕುಲುಕಬಾರದೆಂದು ಯಾರೋ ಒಳಗೆ ದಪ್ಪಗೆ ಹುಲ್ಲು ಹಾಸಿ, ಅದರ ಮೇಲೆ ಹೊಸ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಕಿದ್ದರು. ಒರಗಲಿಕ್ಕೆಂದು ಒಂದು ತಲೆದಿಂಬು. ಬಿಸಿಲಿಗೆ ನೆರಳಾಗಲೆಂದು ನಾಲ್ಕು ಕೋಲು ನೆಟ್ಟು ಮೇಲೆ ಧೋತರ ಕಟ್ಟಿದ್ದರು. ಆ ನೆರಳು ಖಾಲಿ ಕೌದಿಯ ಮೇಲೆ ಬಿದ್ದಿತ್ತು.